ಉಳಿದ ನೆಲಕ್ಕೆ ನಿವಾಸಿಗಳ ಕಾವಲು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಹೊಸದಾಗಿ ಕಾಯ್ದಿಡಲು ಖಾಲಿ ನೆಲ ಇಲ್ಲವೆಂದೇ ಹೇಳಬೇಕು. ಹಿಂದಿನ ಯೋಜಕರು ಬಿಟ್ಟುಹೋದದ್ದನ್ನು ಉಳಿಸಿಕೊಳ್ಳುವುದೇ ಅಲ್ಲಿನ ಭೂಸಂರಕ್ಷಣೆ. 1898ರ ಪ್ಲೇಗಿನ ನಂತರ ಜನ ತುಂಬಿಕೊಂಡ ಬಸವನಗುಡಿ ಮತ್ತು ಮಲ್ಲೇಶ್ವರ, ಸ್ವಾತಂತ್ರ್ಯಾನಂತರ ರೂಪುಗೊಂಡ ಜಯನಗರ, ಆಮೇಲೆ ಬಂದ ರಾಜಮಹಲ್ ವಿಲಾಸ್ ಬಡಾವಣೆ, ಇವೆಲ್ಲದರ ನಕ್ಷೆಯಲ್ಲಿ ಉದ್ಯಾನ, ಆಟದ ಮೈದಾನ, ನಾಗರಿಕ ಸೌಲಭ್ಯಕ್ಕೆ ಮೀಸಲಾದ ಸಿ.ಎ. ನಿವೇಶನಗಳು ಇವೆ. ಮಲ್ಲೇಶ್ವರದಲ್ಲಿ ಮನೆಗಳ ಹಿತ್ತಿಲಿಗೆ ಹೊಂದಿಕೊಂಡ ಕನ್ಸರ್ವೆನ್ಸಿ ಓಣಿಗಳೂ ಉಳಿದಿವೆ. ಬಡಾವಣೆ ಬರುವ ಮೊದಲೇ ಇದ್ದ ಕೆರೆ ಅಂಗಳ, ರಾಜಕಾಲುವೆ, ಗುಂಡುತೋಪು, ಸ್ಮಶಾನಗಳೂ ಈ ಲೆಕ್ಕಕ್ಕೆ ಸೇರುತ್ತವೆ.

ಇಂಥ ನೆಲ ಒಮ್ಮೆಲೇ ಕೈತಪ್ಪುವುದು ಕಡಿಮೆ. ಉದ್ಯಾನದ ಒಂದು ಮೂಲೆಯಲ್ಲಿ ನೀರಿನ ಟ್ಯಾಂಕ್ ಏಳುತ್ತದೆ, ಇನ್ನೊಂದರಲ್ಲಿ ಕಚೇರಿ. ಕಾಲುವೆಯ ಮೇಲೆ ಚಪ್ಪಡಿ ಹಾಸಿ ರಸ್ತೆ ಮಾಡಲಾಗುತ್ತದೆ, ಸಿ.ಎ. ನಿವೇಶನ ಖಾಸಗಿ ಸಂಸ್ಥೆಗೆ ಗುತ್ತಿಗೆಗೆ ಹೋಗುತ್ತದೆ. ಸಾರ್ವಜನಿಕ ಉಪಯೋಗದ ಹೆಸರಿನಲ್ಲಿಯೇ ಇಡೀ ಕೆರೆ ಮಾಯವಾದ ಉದಾಹರಣೆಗಳೂ ಇವೆ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ.

ನಿವಾಸಿಗಳ ಹಕ್ಕನ್ನು ಸ್ಪಷ್ಟಪಡಿಸಿದ ಪ್ರಮುಖ ತೀರ್ಪು ಹುಟ್ಟಿದ್ದು ಇಂಥದೇ ಒಂದು ತುಂಡು ನೆಲದಿಂದ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು 1976ರಲ್ಲಿ ಮುಖ್ಯಮಂತ್ರಿಯ ಆದೇಶದಂತೆ ಖಾಸಗಿ ನರ್ಸಿಂಗ್ ಹೋಂ ಕಟ್ಟಲು ನೀಡಲಾಯಿತು. ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಹೈಕೋರ್ಟಿನ ವಿಭಾಗೀಯ ಪೀಠ ಹಂಚಿಕೆಯನ್ನು ರದ್ದುಪಡಿಸಿತು. 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ‘ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ’ ಎಂದು ಹೆಸರಾದ ಈ ಪ್ರಕರಣದಲ್ಲಿ, ಆಸ್ಪತ್ರೆ ಎಷ್ಟೇ ಅಗತ್ಯವಿದ್ದರೂ ಅದು ಉದ್ಯಾನಕ್ಕೆ ಬದಲಿಯಾಗದು, ಬಯಲು ಜಾಗ ಕಳೆದುಕೊಳ್ಳುವ ನಿವಾಸಿಗಳಿಗೆ ಪ್ರಶ್ನಿಸುವ ಅಧಿಕಾರವಿದೆ ಎಂಬುದು ಸ್ಥಾಪಿತವಾಯಿತು. ಆದರೆ ಆದೇಶದಿಂದ ಅಂತಿಮ ತೀರ್ಪಿನವರೆಗೆ ಹದಿನೈದು ವರ್ಷ ಹಿಡಿಯಿತು. ಯೋಜನೆಯ ಹಂತದಲ್ಲೇ ಜನರ ಮಾತು ಕೇಳುವುದು ಏಕೆ ಮುಖ್ಯ ಎಂಬುದಕ್ಕೆ ಈ ಅವಧಿಯೇ ಸಾಕು.

ಕಾನೂನಿನಲ್ಲಿ ಅದಕ್ಕೆ ದಾರಿಗಳಿವೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಹಾಯೋಜನೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಆಹ್ವಾನಿಸಬೇಕು. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಪಟ್ಟಿ ಸಿದ್ಧಪಡಿಸಬೇಕೆಂದು 1985ರ ಕಾಯ್ದೆಯೊಂದು ಹೇಳುತ್ತದೆ. ಸಂವಿಧಾನದ 74ನೇ ತಿದ್ದುಪಡಿಯು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿತು. 2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳು ಜನತಾ ಜೀವವೈವಿಧ್ಯ ದಾಖಲಾತಿ ರೂಪಿಸಬೇಕು. ಆದರೂ ಕರಡು ಸಿದ್ಧವಾದ ಮೇಲೆ ಆಕ್ಷೇಪಣೆ ಸಲ್ಲಿಸುವುದಷ್ಟೇ ಜನರ ಪಾಲಿಗೆ ಉಳಿಯುತ್ತದೆ. 2017ರ ನವೆಂಬರ್‌ನಲ್ಲಿ ಬೆಂಗಳೂರಿನ 2031ರ ಕರಡು ಮಹಾಯೋಜನೆ ಪ್ರಕಟವಾದಾಗ ಆಕ್ಷೇಪಣೆಗಳು ರಾಶಿ ಬಿದ್ದವು. ಕೊನೆಗೆ ಆ ಕರಡನ್ನೇ ಹಿಂಪಡೆಯಲಾಯಿತು.

ಕರಡಿಗೂ ಮೊದಲೇ ಜನರನ್ನು ಸೇರಿಸಿಕೊಳ್ಳುವ ಕೆಲಸ ದಾಖಲೆಯಿಂದ ಶುರುವಾಗಬೇಕು. ಬಡಾವಣೆಯ ಮೂಲ ನಕ್ಷೆ, ಅದಕ್ಕೂ ಹಿಂದಿನ ಗ್ರಾಮ ನಕ್ಷೆ, ಸರ್ವೆ ನಂಬರ್, ಖರಾಬು ಜಮೀನಿನ ವಿವರಗಳನ್ನು ಒಂದೇ ಕಡೆ ಜೋಡಿಸಿದರೆ ನೆಲ ಯಾವುದಕ್ಕೆ ಮೀಸಲಿತ್ತು ಎಂಬುದು ತಿಳಿಯುತ್ತದೆ. ಆಮೇಲೆ ನಕ್ಷೆ ಹಿಡಿದು ಬೀದಿ ಬೀದಿ ನಡೆದು ನೋಡಬೇಕು. ಮಳೆಗಾಲದಲ್ಲಿ ಎಲ್ಲಿ ನೀರು ನಿಲ್ಲುತ್ತದೆ, ಹಳೆಯ ಕೋಡಿ ಎಲ್ಲಿತ್ತು, ಯಾವ ಬಾವಿ ಮುಚ್ಚಿಹೋಗಿದೆ ಎಂಬುದು ಉಪಗ್ರಹ ಚಿತ್ರಕ್ಕಿಂತ ಹಿರಿಯ ನಿವಾಸಿಗಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಸರ್ವೆಯರ್ ಗಡಿ ಗುರುತಿಸಿದ ಮೇಲೆ ಈ ಮಾಹಿತಿಯನ್ನು ವಾರ್ಡ್ ಸಮಿತಿಯ ನಡಾವಳಿಯಲ್ಲಿ ದಾಖಲಿಸಿದರೆ ಮುಂದಿನ ಮಹಾಯೋಜನೆಗೆ ಅದು ಆಧಾರವಾಗುತ್ತದೆ.

ಸಮುದಾಯ ಎಂದರೆ ಯಾರು ಎಂಬುದನ್ನೂ ಮೊದಲೇ ನಿರ್ಧರಿಸಬೇಕಾಗುತ್ತದೆ. ಸಭೆಗೆ ಬರುವವರು ಹೆಚ್ಚಾಗಿ ಸ್ವಂತ ಮನೆಯುಳ್ಳವರು, ನಿವೃತ್ತರು. ಬಾಡಿಗೆದಾರರು, ಮನೆಗೆಲಸದವರು, ಹೂ-ತರಕಾರಿ ಮಾರುವವರು, ಪಕ್ಕದ ಕೊಳೆಗೇರಿಯ ಮಕ್ಕಳು ಅದೇ ಬಯಲನ್ನು ಬಳಸಿದರೂ ಅವರ ಮಾತು ನಡಾವಳಿಗೆ ಬರುವುದಿಲ್ಲ. ಸುತ್ತ ಬೇಲಿ, ನಡುವೆ ನಡಿಗೆಪಥ, ಮಧ್ಯಾಹ್ನ ಬೀಗ ಎಂಬ ಮಾದರಿಯ ಉದ್ಯಾನ ಒಂದು ವರ್ಗಕ್ಕೆ ಹಿತವಾದರೆ, ನೆರಳಲ್ಲಿ ಊಟ ಮಾಡಿ ಒರಗುವ ಕೂಲಿಕಾರನನ್ನು ಹೊರಗಿಡುತ್ತದೆ. ಕೆರೆಯ ವಿಚಾರದಲ್ಲಿ ಮೀನು ಹಿಡಿಯುವವರು, ದನಕ್ಕೆ ಹುಲ್ಲು ಕೊಯ್ಯುವವರು, ಗಂಗೆಪೂಜೆ ಮಾಡುವವರೂ ಹಕ್ಕುದಾರರೇ. ಸಭೆ ಸಂಜೆಯೋ ಭಾನುವಾರವೋ ನಡೆದು, ಕನ್ನಡದ ಜೊತೆಗೆ ಬಡಾವಣೆಯಲ್ಲಿ ಬಳಕೆಯಲ್ಲಿರುವ ತಮಿಳು, ಉರ್ದು, ತೆಲುಗಿನಲ್ಲೂ ವಿಷಯ ತಲುಪಿದರೆ ಪಾಲ್ಗೊಳ್ಳುವವರ ವ್ಯಾಪ್ತಿ ಹಿಗ್ಗುತ್ತದೆ.

ಯೋಜನೆ ಮುಗಿದ ಮೇಲೆ ನಿರ್ವಹಣೆಯ ಹೊಣೆ ಬರುತ್ತದೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಇದಕ್ಕೆ ಉದಾಹರಣೆ. ಸುಮಾರು 13 ಎಕರೆಯ ಈ ಕೆರೆಗಾಗಿ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ರಚಿಸಿಕೊಂಡರು. ಮರುವರ್ಷ ಪಾಲಿಕೆಯೊಂದಿಗೆ ನಿರ್ವಹಣಾ ಒಪ್ಪಂದವಾಯಿತು. ಇಂಥ ಏರ್ಪಾಟಿನಲ್ಲಿ ನೆಲದ ಒಡೆತನ ಸರ್ಕಾರದಲ್ಲೇ ಉಳಿಯುತ್ತದೆ, ದಿನನಿತ್ಯದ ಕಾವಲು ನೆರೆಹೊರೆಯವರದು. ಒತ್ತುವರಿ ತೆರವು, ಕೊಳಚೆ ನೀರಿನ ತಡೆ, ಗಡಿ ಸರ್ವೆಯಂಥ ಅಧಿಕಾರ ಬೇಕಾದ ಕೆಲಸಗಳನ್ನು ಮಾತ್ರ ಸ್ವಯಂಸೇವಕರ ಹೆಗಲಿಗೆ ಹಾಕಲಾಗದು. ಚುನಾಯಿತ ಪಾಲಿಕೆ ಇಲ್ಲದ ವರ್ಷಗಳಲ್ಲಿ ವಾರ್ಡ್ ಸಮಿತಿಗಳು ಸೊರಗುವುದರಿಂದ ಅಂಥ ಕೆಲಸ ಯಾವ ಇಲಾಖೆಯದು, ಎಷ್ಟು ದಿನದಲ್ಲಿ ಆಗಬೇಕು, ಹಣ ಯಾವ ಲೆಕ್ಕದಿಂದ ಎಂಬುದು ಒಪ್ಪಂದದಲ್ಲೇ ಬರೆದಿರಬೇಕು.