ಮೊಮ್ಮಗನ ಹೊಳಿ, ನಮ್ಮ ನಳ

ಕಳೆದ ಬೇಸಿಗೆ ರಜೆಗೆ ಪುಣೆಯಿಂದ ಬಂದ ನನ್ನ ಮೊಮ್ಮಗ ಚೀಲ ಇಳಿಸುವ ಮೊದಲೇ ಕೇಳಿದ: “ಅಜ್ಜಾ, ನಿಮ್ಮ ಮನಿ ಹತ್ರ ನೋಡ್ಲಿಕ್ಕಿ ಏನದ?”

ಅವನಿಗೆ ಹತ್ತು ವರ್ಷ. ಪುಣೆಯಲ್ಲಿ ಅವರಿರುವುದು ಮುಳಾ-ಮುಠಾ ನದಿಯ ದಂಡೆಯ ಒಂದು ದೊಡ್ಡ ವಸತಿ ಸಮುಚ್ಚಯದಲ್ಲಿ. ಈಜುಕೊಳ, ವ್ಯಾಯಾಮ ಶಾಲೆ, ಮಕ್ಕಳ ಆಟದ ಅಂಗಳ, ಅಜ್ಜಂದಿರು ಕೂರಲು ಬೇರೆ ಕಟ್ಟೆ, ಎಲ್ಲವೂ ಒಂದೇ ಕಾಂಪೌಂಡಿನೊಳಗೆ. ರವಿವಾರ ಬಂದರೆ ಖಡಕವಾಸಲಾ ಕೆರೆಯ ದಂಡೆಗೆ ಹೋಗಿ ಸುಟ್ಟ ಗೋವಿನಜೋಳ ತಿನ್ನುವುದು, ಇಲ್ಲವೆ ಸಿಂಹಗಡ ಹತ್ತಿ ಝುಣಕ, ಭಾಕರಿ ಊಟ ಮಾಡುವುದು. ನಾನೂ ಅಲ್ಲಿ ಹದಿನೈದು ದಿನ ಇದ್ದು ಬಂದವನು. ಏಳನೆಯ ಮಹಡಿಯ ಪಡಸಾಲೆಯಿಂದ ನದಿ ಚೆನ್ನಾಗಿ ಕಾಣುತ್ತದೆ. ಆದರೆ ಆ ಕಡೆಯ ಕಿಟಕಿಯನ್ನು ಯಾರೂ ತೆರೆಯುವುದಿಲ್ಲ. ವಾಸನೆ, ಸೊಳ್ಳೆ. ನೀರಿನ ಮೇಲೆಲ್ಲ ಅಂತರಗಂಗೆಯ ಹಸಿರು ಹಾಸು. ನದಿ ನೋಡಲೆಂದೇ ಹೆಚ್ಚು ಹಣ ಕೊಟ್ಟು ಮನೆ ಹಿಡಿದು, ನದಿಗೆ ಬೆನ್ನು ತಿರುಗಿಸಿ ಕೂರುವ ಲೆಕ್ಕ ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದ ನನಗೂ ತಾಳೆಯಾಗಲಿಲ್ಲ.

ನಮ್ಮ ಮನೆ ಕಲಬುರಗಿಯ ಕೋಟನೂರಿನಲ್ಲಿ, ಜೇವರ್ಗಿ ರಸ್ತೆಯ ಕಡೆ. ನಾನು ಮನೆ ಕಟ್ಟಿಸುವಾಗ ಸುತ್ತಲೂ ತೊಗರಿ ಹೊಲ. ಈಗ ಹೊಲದಲ್ಲೆಲ್ಲ ಮನೆ. ಈಜುಕೊಳವಿಲ್ಲ, ನದಿಯಂತೂ ಇಲ್ಲವೇ ಇಲ್ಲ. ಮಳೆ ಬಂದರೆ ಕರಿಮಣ್ಣು ಹತ್ತಿ ಒಂದೊಂದು ಚಪ್ಪಲಿ ಸೇರು ತೂಗುತ್ತದೆ, ಅದೇ ನಮ್ಮ ವ್ಯಾಯಾಮ ಶಾಲೆ.

ಆದರೂ ಹುಡುಗನ ಮಾತು ಮನಸ್ಸಿಗೆ ನಾಟಿತು. ಹಳೆಯ ನೋಟುಪುಸ್ತಕ ತೆಗೆದು ಎರಡು ಕಾಲಂ ಹಾಕಿದೆ. ಎಡಕ್ಕೆ ಬೆಳಿಗ್ಗೆ, ಬಲಕ್ಕೆ ಸಂಜೆ. ನಡುವಿನ ಹೊತ್ತಿಗೆ ಕಾಲಂ ಇಲ್ಲ. ಮೇ ತಿಂಗಳಲ್ಲಿ ನಮ್ಮ ಊರನ್ನು ನೋಡುವವರು ಸೂರ್ಯನ ಜೊತೆ ಒಪ್ಪಂದ ಮಾಡಿಕೊಂಡೇ ಹೊರಡಬೇಕು. ಒಂಬತ್ತರ ಮೇಲೆ ಅವನು ಯಾರ ಮಾತೂ ಕೇಳುವುದಿಲ್ಲ.

ಮೊದಲ ದಿನ ಬೆಳಿಗ್ಗೆ ಕೋಟೆ. ಬಹಮನಿ ಸುಲ್ತಾನರು 1347ರಲ್ಲಿ ರಾಜ್ಯ ಕಟ್ಟಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡರು. ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಸಾಮಾನ್ಯವಾಗಿ ಮಸೀದಿಗಳಲ್ಲಿ ನಡುವೆ ಬಯಲು ಅಂಗಳ ಇರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಇಡೀ ಕಟ್ಟಡಕ್ಕೆ ಗುಮ್ಮಟಗಳ ಮುಚ್ಚಿಗೆ. ಒಳಗೆ ಕಾಲಿಟ್ಟರೆ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು ಕಮಾನು. ಹೊರಗಿನ ಬಿಸಿಲಿನಿಂದ ಬಂದವನಿಗೆ ಆ ತಂಪೇ ದೊಡ್ಡ ವಿಸ್ಮಯ. ನನ್ನ ಮೊಮ್ಮಗನಿಗೆ ಮಾತ್ರ ಕಮಾನಿಗಿಂತ ತೋಪೇ ಹಿಡಿಸಿತು. ಇಪ್ಪತ್ತೊಂಬತ್ತು ಅಡಿ ಉದ್ದದ ತೋಪು. ಅವನು ಹೆಜ್ಜೆ ಇಟ್ಟು ಅಳೆದ, ನಾನು ಗೇಣು ಹಾಕಿ ಅಳೆದೆ, ಇಬ್ಬರ ಲೆಕ್ಕವೂ ಕೂಡಲಿಲ್ಲ. ಬರುವಾಗ ಸುಸಲಾ, ಮಿರ್ಚಿ. ಮಿರ್ಚಿ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಇನ್ನೊಂದು ಕೇಳಿದ.

ಉಳಿದ ದಿನಗಳನ್ನು ಬೇಗ ಹೇಳಿಬಿಡುತ್ತೇನೆ. ಶರಣಬಸವೇಶ್ವರ ಗುಡಿಗೆ ಹೋಗಿ ಅಪ್ಪನ ಕೆರೆಯ ದಂಡೆಯಲ್ಲಿ ಗಾಳಿಗೆ ಕೂತೆವು. ಖಾಜಾ ಬಂದೇನವಾಜ್ ದರ್ಗಾಕ್ಕೂ ಹೋಗಿಬಂದೆವು. ವಿಶ್ವವಿದ್ಯಾಲಯದ ಹತ್ತಿರದ ಬುದ್ಧವಿಹಾರ 2009ರಲ್ಲಿ ಲೋಕಾರ್ಪಣೆಯಾದದ್ದು. ಸಂಜೆಯ ಬೆಳಕಿನಲ್ಲಿ ಅದರ ಬಿಳಿ ಗುಮ್ಮಟ ನೋಡಬೇಕು. ಒಂದು ಮಧ್ಯಾಹ್ನ ಸೂರ್ಯನಿಗೆ ಮೋಸ ಮಾಡಿ ಜಿಲ್ಲಾ ವಿಜ್ಞಾನ ಕೇಂದ್ರದೊಳಗೆ ಸೇರಿಕೊಂಡೆವು. 1984ರಲ್ಲಿ ಅದು ತೆರೆದಾಗ ನಾನು ಕೈಯಲ್ಲಿ ಹಿಡಿದು ಕರೆದುಕೊಂಡು ಹೋಗುತ್ತಿದ್ದುದು ಈ ಹುಡುಗನ ತಾಯಿಯನ್ನು. ರಾತ್ರಿ ಮಾಳಿಗೆಯ ಮೇಲೆ ನೀರು ಚಿಮುಕಿಸಿ ಹಾಸಿಗೆ. ಎ.ಸಿ. ಇಲ್ಲದೆ ಮಲಗಿದ್ದೇ ಅವನಿಗೆ ಎಲ್ಲಕ್ಕಿಂತ ದೊಡ್ಡ ಪ್ರವಾಸ.

ಅಂಥ ಒಂದು ರಾತ್ರಿ ಅವನೆಂದ: “ಎಲ್ಲಾ ಛಲೋ ಅದ ಅಜ್ಜಾ. ಹೊಳಿ ಒಂದಿಲ್ಲ ನೋಡು.”

“ಹೊಳಿ ಅದ. ದಿನಾ ಮುಂಜಾನಿ ನಮ್ಮ ಮನೀಗಿ ಬರ್ತದ,” ಎಂದೆ. ಅವನು ನಕ್ಕ. ಬೆಳಗಾಗಲಿ ಎಂದೆ.

ಬೆಳಿಗ್ಗೆ ಮೂವರೂ ಜೇವರ್ಗಿ ಬಸ್ ಹತ್ತಿದೆವು. ಮನೆಯಾಕೆಗೆ ಶಕ್ತಿ ಯೋಜನೆಯ ಪುಕ್ಕಟೆ ಟಿಕೆಟು, ಮೊಮ್ಮಗನಿಗೆ ಅರ್ಧ ಟಿಕೆಟು, ಹಿರಿಯ ನಾಗರಿಕನೆಂದು ನನಗೆ ಒಂದಿಷ್ಟು ರಿಯಾಯಿತಿ. ಪೂರ್ತಿ ದುಡ್ಡು ಕೊಡದ ಕುಟುಂಬ ನಮ್ಮದು. ಫರಹತಾಬಾದ ದಾಟಿ, ಭೀಮಾ ನದಿಯ ಸೇತುವೆ ದಾಟಿ, ಕಟ್ಟಿಸಂಗಾವಿಯಲ್ಲಿ ಇಳಿದೆವು.

ಬೇಸಿಗೆಯ ಭೀಮೆ. ದೊಡ್ಡ ಪಾತ್ರದೊಳಗೆ ಸಣ್ಣ ಹರಿವು, ಅಲ್ಲಲ್ಲಿ ನಿಂತ ನೀರು, ಕಲ್ಲುಬಂಡೆ. ಹುಡುಗನ ಮುಖ ಇಳಿಯಿತು. 2020ರ ಅಕ್ಟೋಬರಿನಲ್ಲಿ ಇದೇ ನದಿ ದಂಡೆಯ ಊರೂರುಗಳಿಗೇ ನುಗ್ಗಿ ಜನ ಉಟ್ಟ ಬಟ್ಟೆಯಲ್ಲಿ ಹೊರಬಂದರೆಂದು ಹೇಳಿದರೆ ನಂಬಲಿಲ್ಲ. ನೀರಿಗೆ ಇಳಿಯಲು ಮಾತ್ರ ಬಿಡಲಿಲ್ಲ. ಮಕ್ಕಳೇ, ನೀವೂ ಕೇಳಿಕೊಳ್ಳಿರಿ: ಉಸುಕು ತೆಗೆದ ಕಡೆ ನದಿಯ ತಳದಲ್ಲಿ ಆಳದ ಗುಂಡಿಗಳಿರುತ್ತವೆ. ಮೇಲಿನಿಂದ ಮೊಣಕಾಲುದ್ದ ಕಂಡರೂ ಮುಂದಿನ ಹೆಜ್ಜೆಗೆ ತಲೆ ಮುಳುಗುತ್ತದೆ. ನಾನು ಈಜು ಬಲ್ಲವನಾದರೂ ದಂಡೆಯ ಮೇಲೆಯೇ ಕೂತೆ.

ಅಲ್ಲಿ ಒಂದು ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಗೆರೆ ಎಳೆದೆ. ಭೀಮಾ ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ. ಅಲ್ಲಿಂದ 861 ಕಿಲೋಮೀಟರ್ ಹರಿದು ರಾಯಚೂರಿನ ಹತ್ತಿರ ಕೃಷ್ಣೆಗೆ ಸೇರುತ್ತದೆ. ದಿನಕ್ಕೆ ಮೂವತ್ತು ಕಿಲೋಮೀಟರಿನಂತೆ ದಂಡೆ ಹಿಡಿದು ನಡೆದರೆ ಸುಮಾರು ಇಪ್ಪತ್ತೊಂಬತ್ತು ದಿನದ ದಾರಿ. ಪಂಢರಪುರದಲ್ಲಿ ಅರ್ಧಚಂದ್ರದ ಹಾಗೆ ಬಾಗುವುದರಿಂದ ಅಲ್ಲಿ ಇದರ ಹೆಸರು ಚಂದ್ರಭಾಗಾ. ನಮ್ಮ ಜಿಲ್ಲೆಗೆ ಬಂದ ಮೇಲೆ ಗಾಣಗಾಪುರದಲ್ಲಿ ಅಮರ್ಜಾ ಕೂಡುತ್ತದೆ. ಇನ್ನೂ ಕೆಳಗೆ ಸನ್ನತಿ. ಅಲ್ಲಿ ಚಂದ್ರಲಾಂಬೆಯ ಗುಡಿ, ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿದ ಅವನ ಶಿಲ್ಪ.

“ಈಗ ಮ್ಯಾಲಿನ ಗೆರಿ ನೋಡು,” ಎಂದೆ. ಭೀಮೆಗೆ ಮೇಲ್ಗಡೆ ಇಂದ್ರಾಯಣಿ ಸೇರುತ್ತದೆ. ನೀರಾ, ಸೀನಾ ಸೇರುತ್ತವೆ. ಪುಣೆಯೊಳಗೆ ಮುಳಾ ಮತ್ತು ಮುಠಾ ಕೂಡಿ, ಮುಳಾ-ಮುಠಾ ಆಗಿ, ಅದೂ ಭೀಮೆಗೇ ಬಂದು ಬೀಳುತ್ತದೆ. ಎಲ್ಲವೂ ಸೋಲಾಪುರ ಜಿಲ್ಲೆಯ ಉಜನಿ ಅಣೆಕಟ್ಟಿನಲ್ಲಿ ನಿಲ್ಲುತ್ತದೆ, ನೀರಾ, ಸೀನಾ ಎರಡನ್ನು ಬಿಟ್ಟು. ಅಲ್ಲಿಂದ ಬಿಟ್ಟ ನೀರು ನಮ್ಮ ಕಡೆಗೆ. ಸರಡಗಿ ಬ್ಯಾರೇಜಿನಲ್ಲಿ ಅದನ್ನು ತಡೆದು, ಎತ್ತಿ, ಶುದ್ಧ ಮಾಡಿ ಕಲಬುರಗಿಗೆ ಕೊಡುತ್ತಾರೆ. ಬೆಣ್ಣೆತೊರಾದ ನೀರೂ ಊರಿಗೆ ಬರುತ್ತದೆ, ಅದು ಬೇರೆ ಮಾತು.

ಹುಡುಗ ಬಹಳ ಹೊತ್ತು ಗೆರೆ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: “ಅಂದ್ರ ನಮ್ಮ ಬಿಲ್ಡಿಂಗಿನ ಮುಂದಿನ ಹೊಳಿ ನೀವು ಕುಡೀತೀರಿ?”

“ಹೌದು.”

“ಆ ವಾಸನಿ ಹೊಳಿ?”

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ದಾರಿಯಲ್ಲಿ ಬಹಳ ಮಳೆನೀರು ಕೂಡುತ್ತದೆ, ಇಲ್ಲಿ ಶುದ್ಧ ಮಾಡುವ ಯಂತ್ರಗಳಿವೆ, ನಾವು ಕುದಿಸಿ ಕುಡಿಯುತ್ತೇವೆ ಎಂದೆ. ಊರಿನ ಹೊಲಸು ನೀರನ್ನು ತೊಳೆದೇ ಹೊಳೆಗೆ ಬಿಡಬೇಕೆಂಬ ನಿಯಮವಿದೆ, ಆದರೆ ಎಲ್ಲವೂ ತೊಳೆದು ಬರುವುದಿಲ್ಲ ಎಂದೂ ಹೇಳಿದೆ. ನಾವೇನು ಸಾಚಾ ಅಲ್ಲ. ನಮ್ಮ ಕೆಳಗೆ ಯಾದಗಿರಿಯವರಿದ್ದಾರೆ, ರಾಯಚೂರಿನವರಿದ್ದಾರೆ.

ಅಷ್ಟರಲ್ಲಿ ಮನೆಯಾಕೆ ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದಳು. ವಾರದ ಪೂಜೆಯ ಹೂವು, ಪತ್ರಿ. ಹೊಳೆಗೆ ಹೋಗುವವರ ಕೈಯಲ್ಲಿ ಇದ್ದೇ ಇರುತ್ತದಲ್ಲ. ಕವರಿನ ಸಮೇತ ಎಸೆಯಲು ಕೈ ಎತ್ತಿದಳು.

“ಅಜ್ಜೀ, ಒಗೀಬ್ಯಾಡ. ರಾಯಚೂರಿನವರು ಕುಡೀತಾರ.”

ಅವಳಿಗೆ ಸಿಟ್ಟು ಬಂತು. “ದೇವರ ಹೂವ ಹೊಳಿಗಿ ಹಾಕಬಾರದಂದ್ರ ಎಲ್ಲಿ ಹಾಕಲಿ? ನಮ್ಮವ್ವ ಹಾಕ್ತಿದ್ಳು, ಅವರವ್ವ ಹಾಕ್ತಿದ್ಳು,” ಎಂದಳು. ನಿಮ್ಮವ್ವನ ಕಾಲಕ್ಕೆ ಪ್ಲಾಸ್ಟಿಕ್ ಕವರು ಇರಲಿಲ್ಲ ಎಂದು ನಾನು ಹೇಳಬಾರದಿತ್ತು. ಹೇಳಿದೆ. ಮರಳಿ ಬರುವ ಬಸ್ಸಿನಲ್ಲಿ ನನ್ನೊಡನೆ ಮಾತಿಲ್ಲ. ಕವರು ಮಾತ್ರ ಅವಳ ತೊಡೆಯ ಮೇಲೆಯೇ ಇತ್ತು. ಆ ಹೂವು ಈಗ ನಮ್ಮ ದಾಸವಾಳದ ಬುಡದಲ್ಲಿ ಮಣ್ಣಾಗಿದೆ. ಗಿಡ ಚೆನ್ನಾಗಿ ಬಂದಿದೆ.

ಮನೆಗೆ ಬಂದು ಹುಡುಗ ನನ್ನ ನೋಟುಪುಸ್ತಕದಲ್ಲಿ ಹೊಸ ಲೆಕ್ಕ ತೆಗೆದ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂಬುದು ಸರಕಾರದ ಅಳತೆ. ಅವನು, ಅವನ ತಾಯಿ, ನಾವಿಬ್ಬರು, ನಾಲ್ವರಿಗೆ 540 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ಹೊತ್ತು ತಂದರೆ ಮೂವತ್ತಾರು ಕೊಡ. ಅಂಗಳದ ನಳದಿಂದ ಅಡುಗೆಮನೆಗೆ ಒಂದು ಕೊಡ ತುಂಬಿ ತರುವ ಪ್ರಯತ್ನ ಮಾಡಿದ. ದಾರಿಯಲ್ಲಿ ಅರ್ಧ ಚೆಲ್ಲಿ, ಉಳಿದ ಮೂವತ್ತೈದನ್ನು ಬರೀ ಕಾಗದದ ಮೇಲೆಯೇ ಬಿಟ್ಟ.

ಜೂನಿನಲ್ಲಿ ಅವರು ಪುಣೆಗೆ ಮರಳಿದರು. ಮನೆ ಬಣಬಣ ಎನ್ನತೊಡಗಿತು. ನನ್ನ ವಯಸ್ಸಿನವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಫೋನಿನಲ್ಲಿ ಮೊದಲಿನ ಹಾಗೆ “ಊಟ ಆಯ್ತಾ, ಹೂಂ, ಆಯ್ತು” ಎಂದು ಎರಡು ಮಾತಿಗೆ ಮುಗಿಯುತ್ತಿತ್ತು. ಆಗಸ್ಟಿನ ಒಂದು ಸಂಜೆ ಅವನೇ ಫೋನು ಮಾಡಿದ. ದನಿಯಲ್ಲಿ ಅವಸರ.

“ಅಜ್ಜಾ, ಖಡಕವಾಸಲಾ ಬಿಟ್ಟಾರ! ಭಿಡೆ ಸೇತುವೆ ಮುಳುಗ್ಯಾದ. ನಿಮ್ಮ ಕಡಿ ಯಾವಾಗ ಬರ್ತದ?”

ಉಜನಿ ಮೊದಲು ತುಂಬಬೇಕು, ಆಮೇಲೆ ಅದರ ಗೇಟು ತೆಗೆಯಬೇಕು ಎಂದೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಪೆನ್ಸಿಲಿನಿಂದ ಒಂದು ಸೊನ್ನೆ ಹಾಕಿದೆ. ಅಂದಿನಿಂದ ದಿನವೂ ಫೋನು. ಉಜನಿ ಎಷ್ಟು ತುಂಬಿತೆಂದು ಅವನು ಹೇಳುತ್ತಿದ್ದ, ಭೀಮಾ ತೀರದವರು ಎಚ್ಚರವಾಗಿರಬೇಕೆಂದು ನಮ್ಮ ಪತ್ರಿಕೆ ಬರೆದದ್ದನ್ನು ನಾನು ಓದಿ ಹೇಳುತ್ತಿದ್ದೆ.

ಕಡೆಗೊಂದು ಬೆಳಿಗ್ಗೆ ನಳ ತಿರುವಿದರೆ ನೀರು ತುಸು ಕೆಂಪಾಗಿತ್ತು. ಒಂದು ಗಾಜಿನ ಲೋಟದಲ್ಲಿ ತುಂಬಿ ಕಿಟಕಿಯ ಮೇಲಿಟ್ಟು ಫೋನು ಹಚ್ಚಿದೆ.

“ಬಂತು ನೋಡಪಾ ನಿನ್ನ ನೀರು.”

“ಹೆಂಗದ?”

“ಒಂದೀಟು ಕೆಂಪಗ ಅದ. ಕುದಿಸ್ತೀವಿ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹುಡುಗ ಹೇಳಿದ: “ಅಜ್ಜಾ, ಅದ್ರಾಗ ನಾನು ಏನೂ ಹಾಕಿಲ್ಲ ನೋಡು.”