ಮೂರು ಲಕ್ಷ ಕಿಲೋಮೀಟರ್ ಓಡಿದ ಪಿಕಪ್‌ಗೆ ಪವರ್ ಎಲ್ಲಿಂದ ತರೋದು?

ನಮ್ಮ ಕ್ಲಾಸ್‌ಮೇಟ್ ಒಬ್ಬನ ಅಪ್ಪನ ಹತ್ತಿರ ಒಂದು ಪಿಕಪ್ ಇದೆ. 2.5 ಲೀಟರ್, ನಾಲ್ಕು ಸಿಲಿಂಡರ್, ಕಾಮನ್ ರೇಲ್ ಟರ್ಬೊ ಡೀಸೆಲ್. ಓಡಿರೋದು 3 ಲಕ್ಷದ 20 ಸಾವಿರ ಕಿಲೋಮೀಟರ್. ರಾತ್ರಿ ಮಂಗಳೂರು ದಕ್ಕೆಯಲ್ಲಿ ಬೂತಾಯಿ, ಬಂಗುಡೆ ಐಸ್ ಜೊತೆ ತುಂಬಿಕೊಂಡು ಶಿರಾಡಿ ಘಾಟಿ ಹತ್ತಿ ಬೆಳಿಗ್ಗೆ ಹಾಸನ ಮಾರ್ಕೆಟ್ ಸೇರಬೇಕು. ಒಂದು ಗಂಟೆ ಲೇಟಾದರೆ ಮೀನಿನ ರೇಟೇ ಬೇರೆ.

ಕಳೆದ ಸೆಮಿಸ್ಟರ್‌ನಲ್ಲಿ ಗಾಡಿ ಘಾಟಿಯಲ್ಲಿ ಏದುಸಿರು ಬಿಡೋಕೆ ಶುರು ಮಾಡಿತು. ಮೂರನೇ ಗೇರಲ್ಲಿ ಹತ್ತುತ್ತಿದ್ದ ಜಾಗದಲ್ಲಿ ಎರಡನೇ ಗೇರ್. ಯಾರೋ ಅವರಿಗೆ 'ಟ್ಯೂನಿಂಗ್ ಬಾಕ್ಸ್ ಹಾಕ್ಸಿ, ಪವರ್ ಜಾಸ್ತಿ ಆಗುತ್ತೆ' ಅಂದಿದ್ದರು. ಅವರು ದುಡ್ಡನ್ನೂ ಎತ್ತಿಟ್ಟಿದ್ದರು. ಫ್ರೆಂಡ್ ಬಂದು ಕೇಳಿದ: 'ನಾವು ಮೆಕ್ಯಾನಿಕಲ್‌ನೋರಲ್ವಾ, ಇದು ಸರಿನಾ ಹೇಳ್ರೋ.' ನಾಲ್ಕು ಜನ ಒಂದು ಭಾನುವಾರ ಗಾಡಿ ಮುಂದೆ ಕೂತೆವು. ಅಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತೇವೆ.

ಮೊದಲು ಲೆಕ್ಕ: ಎಷ್ಟು ಪವರ್ ಬೇಕು?

ಘಾಟಿ ಹತ್ತುವಾಗ ಎಂಜಿನ್ ಮೂರು ಕೆಲಸ ಮಾಡುತ್ತೆ. ತೂಕವನ್ನು ಮೇಲೆತ್ತುವುದು, ಟೈರಿನ ಉರುಳು ಪ್ರತಿರೋಧ ಗೆಲ್ಲುವುದು, ಗಾಳಿಯನ್ನು ಸೀಳುವುದು. ಲೋಡ್ ಸೇರಿ ಗಾಡಿಯ ತೂಕ 3 ಟನ್, ಏರು ನೂರಕ್ಕೆ 5, ವೇಗ ಗಂಟೆಗೆ 40 ಕಿಲೋಮೀಟರ್ (ಸೆಕೆಂಡಿಗೆ 11.1 ಮೀಟರ್) ಅಂತ ಇಟ್ಟುಕೊಳ್ಳಿ. ಮೇಲೆತ್ತಲು 3000 × 9.81 × 0.05 × 11.1, ಅಂದರೆ ಸುಮಾರು 16.3 ಕಿಲೋವ್ಯಾಟ್. ಟೈರಿಗೆ ಸುಮಾರು 4. ಈ ವೇಗದಲ್ಲಿ ಗಾಳಿಗೆ ಹೆಚ್ಚೇನೂ ಬೇಡ, ಒಂದೂವರೆ ಸಾಕು. ಒಟ್ಟು ಚಕ್ರದ ಹತ್ತಿರ 22 ಕಿಲೋವ್ಯಾಟ್ ಬೇಕು. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಇತ್ಯಾದಿಗಳ ನಷ್ಟಕ್ಕೆ ಶೇ. 15 ಬಿಟ್ಟರೆ ಎಂಜಿನ್ ಕೊಡಬೇಕಾದ್ದು ಸುಮಾರು 25.5 ಕಿಲೋವ್ಯಾಟ್.

ಈಗ ಎಂಜಿನ್ ಎಷ್ಟು ಕೊಡುತ್ತೆ? ಕಂಪನಿ ಹೇಳಿದ ಟಾರ್ಕ್ 200 ನ್ಯೂಟನ್-ಮೀಟರ್. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತೆ. 2000 ಆರ್‌ಪಿಎಂನಲ್ಲಿ ಸುಮಾರು 42 ಕಿಲೋವ್ಯಾಟ್. ಬೇಕಾದ್ದು 25.5, ಇರೋದು 42. ಹಾಗಾದರೆ ಗಾಡಿ ಯಾಕೆ ಹತ್ತುತ್ತಿಲ್ಲ?

ಇಲ್ಲಿ ಅಪ್ಪನಿಗೆ ಒಂದು ಪ್ರಶ್ನೆ ಕೇಳಬೇಕಾಯಿತು. 'ನಿಜವಾಗಿ ಎಷ್ಟು ಲೋಡ್ ಹಾಕ್ತೀರಿ?' ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸೀಸನ್ನಲ್ಲಿ ಒಂದು ಟನ್ ಮೇಲೆ ಹೋಗುತ್ತೆ' ಅಂದರು. ಒಟ್ಟು ತೂಕ 4 ಟನ್ ಅಂತ ಅದೇ ಲೆಕ್ಕ ಮಾಡಿದರೆ ಬೇಕಾಗುವುದು ಸುಮಾರು 33.5 ಕಿಲೋವ್ಯಾಟ್. ಒಂದು ಟನ್ ಓವರ್‌ಲೋಡ್ ನುಂಗಿದ್ದು 8 ಕಿಲೋವ್ಯಾಟ್! ಆದರೂ ಅದು 42ರ ಒಳಗೇ ಇದೆ. ಅಂದರೆ ಎಂಜಿನ್ ತನ್ನ ಮೊದಲಿನ ಪವರನ್ನು ಎಲ್ಲೋ ಕಳೆದುಕೊಂಡಿರಬೇಕು.

ಎರಡನೆಯದು ತಪಾಸಣೆ: ಕಳೆದದ್ದು ಎಲ್ಲಿ?

ಹಳೆಯ ಎಂಜಿನ್ ಅಂದ ಕೂಡಲೇ 'ರಿಂಗ್ ಹೋಗಿದೆ, ಬೋರ್ ಮಾಡಿಸಬೇಕು' ಅನ್ನೋರು ಜಾಸ್ತಿ. ಊಹೆ ಬೇಡ, ಅಳತೆ ಮಾಡಿ. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಬಿಸಿ ಮಾಡಿ, ಆ ಬಿಸಿಯಲ್ಲೇ ಡೀಸೆಲ್ ಉರಿಸಬೇಕು. ಹಾಗಾಗಿ ಕಂಪ್ರೆಷನ್ ಅದರ ಜೀವ. ಗ್ಲೋ ಪ್ಲಗ್ ಬಿಚ್ಚಿ ಗೇಜ್ ಹಾಕಿ ನೋಡಿದಾಗ ನಾಲ್ಕು ಸಿಲಿಂಡರ್‌ಗಳಲ್ಲಿ ಬಂದದ್ದು 380, 370, 375, 360 ಪಿಎಸ್‌ಐ. ಒಂದಕ್ಕೊಂದು ವ್ಯತ್ಯಾಸ ಶೇ. 5ರಷ್ಟು ಮಾತ್ರ. ಎಂಜಿನ್ ಸವೆದಿದೆ, ಆದರೆ ಸಮನಾಗಿ ಸವೆದಿದೆ. ಒಂದೇ ಸಿಲಿಂಡರ್ 300ಕ್ಕೆ ಇಳಿದಿದ್ದರೆ ಈ ಲೇಖನದ ಉಳಿದ ಭಾಗ ಬೇಕಿರಲಿಲ್ಲ, ಮೊದಲು ಎಂಜಿನ್ ಬಿಚ್ಚಬೇಕಾಗುತ್ತಿತ್ತು. ಐಡಲ್‌ನಲ್ಲಿ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಜೋರಾಗಿ ಉಗುಳಲಿಲ್ಲ, ಅದೂ ಒಳ್ಳೆಯ ಸೂಚನೆ.

ಮುಂದಿನದು ಗಾಳಿ. ಇನ್‌ಟೇಕ್ ಪೈಪಿಗೆ ಒಂದು ಪ್ರೆಷರ್ ಗೇಜ್ ಕಟ್ಟಿ, ಲೋಡ್ ಸಮೇತ ಒಂದು ಏರಿನಲ್ಲಿ ಓಡಿಸಿದೆವು. ಬೂಸ್ಟ್ ಬಂದದ್ದು 0.5 ಬಾರ್. ಬರಬೇಕಿದ್ದದ್ದು ಹತ್ತಿರ ಹತ್ತಿರ 1 ಬಾರ್. ಅರ್ಧ ಕಳೆದುಹೋಗಿದೆ ಅನಿಸಬಹುದು. ಆದರೆ ಬೂಸ್ಟ್ ಅನ್ನೋದು ವಾತಾವರಣದ ಒತ್ತಡದ ಮೇಲಿನ ಅಳತೆ. ಹಾಸನದ ಎತ್ತರದಲ್ಲಿ ವಾತಾವರಣದ ಒತ್ತಡ ಸುಮಾರು 0.9 ಬಾರ್. ಹಾಗಾಗಿ ಎಂಜಿನ್‌ಗೆ 1.9 ಸಿಗಬೇಕಿದ್ದ ಕಡೆ 1.4 ಸಿಗುತ್ತಿದೆ. ಸುಮಾರು ಕಾಲು ಭಾಗ ಗಾಳಿ ಇಲ್ಲ. ಗಾಳಿ ಕಡಿಮೆ ಅಂತ ಸೆನ್ಸರ್ ಹೇಳಿದ ಕೂಡಲೇ ಇಸಿಯು ಹೊಗೆ ಬರಬಾರದು ಅಂತ ಡೀಸೆಲನ್ನೂ ಕಡಿಮೆ ಮಾಡುತ್ತೆ. 42ರಲ್ಲಿ ಕಾಲು ಭಾಗ ಹೋದರೆ ಉಳಿದದ್ದು ಸುಮಾರು 31 ಕಿಲೋವ್ಯಾಟ್. ಬೇಕಾದ್ದು 33.5.

ಲೆಕ್ಕ ಸಿಕ್ಕಿತು. ಎರಡನೇ ಗೇರ್ ಯಾಕೆ ಬೇಕಾಯಿತು ಅಂತಲೂ ಗೊತ್ತಾಯಿತು.

ಕಾರಣ ಹುಡುಕಲು ಗಾಡಿ ಕೆಳಗೆ ಮಲಗಬೇಕಾಯಿತು. ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್‌ನ ಕೆಳಮೈ ಎಣ್ಣೆಯಲ್ಲಿ ಒದ್ದೆ. ಒತ್ತಿ ನೋಡಿದರೆ ಎರಡು ಇಂಚಿನ ಸೀಳು. ನಿಂತಾಗ ಮುಚ್ಚಿಕೊಂಡಿರುತ್ತೆ, ಬೂಸ್ಟ್ ಬಂದಾಗ ಬಾಯಿ ಬಿಡುತ್ತೆ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿತ್ತು. ಇಜಿಆರ್ ಜಾಗದಲ್ಲಿ ಮಸಿ ಡಾಂಬರಿನ ಹಾಗೆ ಅಂಟಿ ಇನ್‌ಟೇಕ್ ದಾರಿ ಕಿರಿದಾಗಿತ್ತು. ಡೀಸೆಲ್ ಫಿಲ್ಟರ್ ಯಾವಾಗ ಬದಲಾಯಿಸಿದ್ದು ಅಂತ ಯಾರಿಗೂ ನೆನಪಿಲ್ಲ. ಒಂದು ಸುತ್ತು ಹಾಕಿ ಬಂದಮೇಲೆ ಹಿಂದಿನ ಎಡ ಚಕ್ರದ ಡ್ರಮ್ ಮಾತ್ರ ಕೈ ಇಡಲಾರದಷ್ಟು ಬಿಸಿ. ಬ್ರೇಕ್ ಹಿಡಿದುಕೊಂಡೇ ಓಡುತ್ತಿತ್ತು. ಎಂಜಿನ್ ಮಾಡಿದ ಪವರ್ ಅಲ್ಲೂ ಶಾಖವಾಗಿ ಹೋಗುತ್ತಿತ್ತು.

ಆ ಬಾಕ್ಸ್ ನಿಜವಾಗಿ ಏನು ಮಾಡುತ್ತೆ?

ಸಾದಾ ಟ್ಯೂನಿಂಗ್ ಬಾಕ್ಸ್ ರೇಲ್ ಪ್ರೆಷರ್ ಸೆನ್ಸರ್ ಮತ್ತು ಇಸಿಯು ಮಧ್ಯೆ ಕೂತು ಒಂದು ಸುಳ್ಳು ಹೇಳುತ್ತೆ: 'ರೇಲ್‌ನಲ್ಲಿ ಒತ್ತಡ ಕಡಿಮೆ ಇದೆ.' ಇಸಿಯು ನಂಬಿ ಒತ್ತಡ ಏರಿಸುತ್ತೆ. ಇಂಜೆಕ್ಟರ್ ತೆರೆದಿರೋ ಅಷ್ಟೇ ಹೊತ್ತಲ್ಲಿ ಜಾಸ್ತಿ ಡೀಸೆಲ್ ಒಳಗೆ ಹೋಗುತ್ತೆ. ಗಾಳಿ ಸಾಕಷ್ಟಿದ್ದರೆ ಪವರ್ ನಿಜವಾಗಿಯೂ ಏರುತ್ತೆ. ಗಾಳಿ ಇಲ್ಲದಿದ್ದರೆ? ಕಪ್ಪು ಹೊಗೆ, ಮತ್ತು ಎಗ್ಸಾಸ್ಟ್ ಬಿಸಿ.

ಈ ಬಿಸಿಯೇ ಅಪಾಯ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತೆ, ಮಿಶ್ರಲೋಹ ಅದಕ್ಕೂ ಮುಂಚೆಯೇ ಮೆತ್ತಗಾಗುತ್ತೆ. ಒಳಗಿನ ಜ್ವಾಲೆ ಅದಕ್ಕಿಂತ ಎಷ್ಟೋ ಬಿಸಿ. ಆದರೂ ಪಿಸ್ಟನ್ ಉಳಿಯೋದು ಶಾಖ ರಿಂಗ್‌ಗಳ ಮೂಲಕ ಸಿಲಿಂಡರ್ ಗೋಡೆಗೂ, ಕೆಳಗಿನಿಂದ ಆಯಿಲ್‌ಗೂ ಹರಿದುಹೋಗುವುದರಿಂದ. ಮೂರು ಲಕ್ಷ ಕಿಲೋಮೀಟರ್ ಸವೆದ ರಿಂಗ್‌ನಲ್ಲಿ ಆ ದಾರಿಯೇ ದುರ್ಬಲ. ಇನ್ನೊಂದು ವಿಷಯ: ಕಾರಲ್ಲಿ ಓವರ್‌ಟೇಕ್ ಮಾಡುವಾಗ ಫುಲ್ ಪವರ್ ಬೇಕಾಗೋದು ಹತ್ತು ಸೆಕೆಂಡ್. ಘಾಟಿಯಲ್ಲಿ ಲೋಡ್ ಗಾಡಿಗೆ ಅದು ನಿಮಿಷಗಟ್ಟಲೆ ಬೇಕು. ಕಾರಿಗೆ ಹೊಂದಿದ್ದು ಈ ಗಾಡಿಗೆ ಹೊಂದುತ್ತೆ ಅಂತಿಲ್ಲ. ಜೊತೆಗೆ ಟಾರ್ಕ್ ಏರಿದರೆ ಹಳೆಯ ಕ್ಲಚ್ ಪ್ಲೇಟ್ ಜಾರುತ್ತೆ, ಹೆಡ್ ಗ್ಯಾಸ್ಕೆಟ್, ಟರ್ಬೊ ಬೇರಿಂಗ್ ಎಲ್ಲದಕ್ಕೂ ಹೊರೆ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. ದಿನಾ ಚೆಕ್‌ಪೋಸ್ಟ್ ದಾಟುವ ಗಾಡಿಗೆ ಇದು ಸಣ್ಣ ವಿಷಯ ಅಲ್ಲ.

ಹಾಗಾದರೆ ಹಳೆ ಎಂಜಿನ್‌ಗೆ ಪವರ್ ಹೆಚ್ಚಿಸಲೇಬಾರದಾ? ಕ್ರಮ ಮುಖ್ಯ ಅಷ್ಟೇ. ಮೊದಲು ಕಂಪ್ರೆಷನ್ ಅಳೆಯಿರಿ. ಆಮೇಲೆ ಕಳೆದುಹೋದ ಪವರ್ ವಾಪಸ್ ತನ್ನಿ: ಫಿಲ್ಟರ್, ಹೋಸ್, ಇಂಜೆಕ್ಟರ್, ಬ್ರೇಕ್, ಟೈರ್ ಗಾಳಿ. ಆಮೇಲೆ ಕೂಲಿಂಗ್ ಮತ್ತು ಕ್ಲಚ್ ನೋಡಿ. ಇಷ್ಟಾದ ಮೇಲೂ ಸಾಲದು ಅನಿಸಿದರೆ ಮಾತ್ರ, ಕಾನೂನಿನ ಒಳಗೆ, ಎಗ್ಸಾಸ್ಟ್ ಟೆಂಪರೇಚರ್ ಗೇಜ್ ಹಾಕಿಕೊಂಡು ಡೀಸೆಲ್ ಕಡೆ ಕೈ ಹಾಕಿ. ನಮ್ಮಲ್ಲಿ ಬಹಳ ಜನ ಈ ಪಟ್ಟಿಯನ್ನು ಕೆಳಗಿಂದ ಶುರು ಮಾಡ್ತಾರೆ.

ಹೋಸ್, ಎರಡು ಫಿಲ್ಟರ್, ಇನ್‌ಟೇಕ್ ಕ್ಲೀನಿಂಗ್, ಬ್ರೇಕ್ ಕೆಲಸ ಎಲ್ಲಾ ಸೇರಿ ಬಾಕ್ಸ್‌ಗೆ ಎತ್ತಿಟ್ಟ ದುಡ್ಡಿನ ಅರ್ಧವೂ ಖರ್ಚಾಗಲಿಲ್ಲ. ಮತ್ತೆ ಅದೇ ಏರಿನಲ್ಲಿ ನೋಡಿದಾಗ ಬೂಸ್ಟ್ 0.95 ಬಾರ್. ಮುಂದಿನ ವಾರ ಫ್ರೆಂಡ್ ಮೆಸೇಜ್ ಹಾಕಿದ: 'ಮೂರನೇ ಗೇರಲ್ಲೇ ಹತ್ತಿತು ಕಣ್ರೋ.'

ಓವರ್‌ಲೋಡ್ ವಿಷಯಕ್ಕೆ ಮಾತ್ರ ನಮ್ಮ ಹತ್ತಿರ ಸ್ಪ್ಯಾನರ್ ಇರಲಿಲ್ಲ. 8 ಕಿಲೋವ್ಯಾಟ್ ಲೆಕ್ಕ ಬರೆದ ಹಾಳೆಯನ್ನು ಅಪ್ಪನಿಗೆ ಕೊಟ್ಟೆವು. ಇಳಿಜಾರಿನಲ್ಲಿ ಅದೇ ಟನ್ನನ್ನು ಬ್ರೇಕ್ ತಡೆಯಬೇಕು ಅಂತಲೂ ಹೇಳಿದೆವು. ಅವರು ಹಾಳೆ ನೋಡಿ, 'ಬಾಡಿಗೆ ಕ್ರೇಟ್ ಲೆಕ್ಕದಲ್ಲಿ ಕೊಡ್ತಾರಪ್ಪ, ಕಿಲೋವ್ಯಾಟ್ ಲೆಕ್ಕದಲ್ಲಲ್ಲ' ಅಂದರು. ಆದರೂ ಈಗ ಅರ್ಧ ಟನ್ ಕಡಿಮೆ ಹಾಕ್ತಿದ್ದಾರಂತೆ. ಉಳಿದ ಅರ್ಧ ಟನ್ ಇಳಿಸೋಕೆ ಏನು ಮಾಡಬೇಕು ಅನ್ನೋದು ಥರ್ಮೋಡೈನಮಿಕ್ಸ್ ಪುಸ್ತಕದಲ್ಲಿಲ್ಲ.