ತೌಹೀದ್: ಮುಸ್ಲಿಮರ ನಿತ್ಯಜೀವನದಲ್ಲಿ ಏಕದೇವ ನಿಷ್ಠೆ



ಏಕದೇವೋಪಾಸನೆಯು ಲಿಂಗಾಯತ ಧರ್ಮದ ತಳಹದಿ. ನಮ್ಮೊಡನೆ ಒಂದೇ ಊರು, ಒಂದೇ ಸಂತೆ, ಒಂದೇ ಹೊಲದ ಬದುವನ್ನು ಹಂಚಿಕೊಂಡು ಬಾಳುತ್ತಿರುವ ಮುಸ್ಲಿಂ ಬಾಂಧವರ ಧರ್ಮಕ್ಕೂ ಅದೇ ತಳಹದಿ. ಆದರೂ ಅವರ ಆಚರಣೆಗಳ ಕುರಿತು ನಮ್ಮಲ್ಲಿ ಅನೇಕರಿಗೆ ಸರಿಯಾದ ತಿಳಿವಳಿಕೆಯಿಲ್ಲ. ಅವರು ಪಶ್ಚಿಮ ದಿಕ್ಕನ್ನು ಪೂಜಿಸುತ್ತಾರೆ, ಮೆಕ್ಕಾದಲ್ಲಿ ಕಲ್ಲನ್ನು ಆರಾಧಿಸುತ್ತಾರೆ, ಮುಹಮ್ಮದರೇ ಅವರ ದೇವರು ಎಂಬ ಮಾತುಗಳು ಆಗಾಗ ಕಿವಿಗೆ ಬೀಳುತ್ತವೆ. ನಮ್ಮ ಇಷ್ಟಲಿಂಗವನ್ನು ಕಂಡು ಅನ್ಯರು 'ಇದೂ ಒಂದು ವಿಗ್ರಹವೇ' ಎಂದಾಗ ನಮಗೆ ನೋವಾಗುತ್ತದೆ. ಪರರ ಧರ್ಮದ ಬಗ್ಗೆ ಮಾತನಾಡುವಾಗಲೂ ಈ ನೋವಿನ ಅರಿವು ನಮ್ಮಲ್ಲಿರಬೇಕು.

ಇಸ್ಲಾಮಿನಲ್ಲಿ ಏಕದೇವ ನಿಷ್ಠೆಗೆ 'ತೌಹೀದ್' ಎಂದು ಹೆಸರು. ದೇವರನ್ನು ಒಬ್ಬನೆಂದೇ ಅರಿಯುವುದು, ಒಬ್ಬನಿಗೇ ಶರಣಾಗುವುದು ಎಂಬುದು ಇದರ ಭಾವ. ಇದಕ್ಕೆ ವಿರುದ್ಧವಾದುದು 'ಶಿರ್ಕ್', ಅಂದರೆ ದೇವರಿಗೆ ಪಾಲುದಾರರನ್ನು ಕಲ್ಪಿಸುವುದು. ಕುರ್‌ಆನಿನ 112ನೆಯ ಅಧ್ಯಾಯವು ನಾಲ್ಕೇ ಸಣ್ಣ ವಾಕ್ಯಗಳಲ್ಲಿ ತೌಹೀದಿನ ಸಾರವನ್ನು ಹೇಳುತ್ತದೆ. ದೇವನು ಒಬ್ಬನು, ಅವನು ಯಾರನ್ನೂ ಅವಲಂಬಿಸಿದವನಲ್ಲ, ಅವನಿಗೆ ಹುಟ್ಟಿಲ್ಲ, ಸಂತಾನವಿಲ್ಲ, ಅವನಿಗೆ ಸರಿಸಮಾನರೂ ಇಲ್ಲ ಎಂಬುದು ಅದರ ತಾತ್ಪರ್ಯ.

ಈ ನಂಬಿಕೆಯು ದಿನನಿತ್ಯದ ನಡೆಯಲ್ಲಿ ಬೇರೂರಲೆಂದೇ ನಮಾಝಿನ ನಿಯಮವಿದೆ. ದಿನದ ಐದು ಕಡ್ಡಾಯ ನಮಾಝುಗಳಲ್ಲಿ ಒಟ್ಟು 17 ರಕಾಅತ್‌ಗಳಿವೆ. ಪ್ರತಿಯೊಂದು ರಕಾಅತ್‌ನಲ್ಲಿಯೂ ಕುರ್‌ಆನಿನ ಮೊದಲ ಅಧ್ಯಾಯವಾದ 'ಫಾತಿಹಾ' ಪಠಿತವಾಗುತ್ತದೆ. ನಿನ್ನನ್ನು ಮಾತ್ರ ಆರಾಧಿಸುತ್ತೇವೆ, ನೆರವನ್ನು ನಿನ್ನಲ್ಲಿ ಮಾತ್ರ ಬೇಡುತ್ತೇವೆ ಎಂಬರ್ಥದ ಪ್ರತಿಜ್ಞೆ ಅದರಲ್ಲಿದೆ. ನೆಲಕ್ಕೆ ಹಣೆಯಿಟ್ಟು ಮಣಿಯುವ 'ಸಜ್ದಾ'ವು ದೇವರೊಬ್ಬನಿಗೇ ಮೀಸಲು.

ಹಾಗಾದರೆ ಕಾಬಾದ ಕಡೆಗೆ ಮುಖ ಮಾಡುವುದೇಕೆ? ಕಾಬಾ ಎಂಬುದು 'ಕಿಬ್ಲಾ', ಎಂದರೆ ಪ್ರಾರ್ಥನೆಯ ದಿಕ್ಕು. ಪ್ರವಾದಿಯವರು ಮದೀನಾಕ್ಕೆ ಬಂದ ಆರಂಭದ ದಿನಗಳಲ್ಲಿ ಮುಸ್ಲಿಮರು ಜೆರುಸಲೇಮಿನ ಕಡೆಗೆ ಮುಖ ಮಾಡಿ ಪ್ರಾರ್ಥಿಸುತ್ತಿದ್ದರು. ಸುಮಾರು ಒಂದೂವರೆ ವರ್ಷದ ಬಳಿಕ ಆ ದಿಕ್ಕು ಕಾಬಾದ ಕಡೆಗೆ ಬದಲಾಯಿತು. ದಿಕ್ಕು ಬದಲಾದರೂ ಆರಾಧ್ಯನು ಬದಲಾಗಲಿಲ್ಲ. ಕ್ರಿ.ಶ. 630ರಲ್ಲಿ ಮೆಕ್ಕಾ ವಶವಾದಾಗ ಪ್ರವಾದಿಯವರು ಕಾಬಾದಲ್ಲಿದ್ದ ವಿಗ್ರಹಗಳನ್ನೆಲ್ಲ ತೆಗೆಸಿದರು. ಅಲ್ಲಿಯ ಕಪ್ಪು ಶಿಲೆಯನ್ನು ಯಾತ್ರಿಕರು ಚುಂಬಿಸುವುದುಂಟು. ಎರಡನೆಯ ಖಲೀಫರಾದ ಉಮರ್ ಅವರು ಆ ಶಿಲೆಯ ಮುಂದೆಯೇ ನಿಂತು, ಅದು ಬರಿಯ ಕಲ್ಲು, ಒಳಿತನ್ನಾಗಲಿ ಕೆಡುಕನ್ನಾಗಲಿ ಮಾಡಲಾರದು, ಪ್ರವಾದಿಯವರು ಚುಂಬಿಸಿದ್ದನ್ನು ಕಂಡುದರಿಂದಲೇ ತಾವೂ ಚುಂಬಿಸುತ್ತಿರುವುದಾಗಿ ಹೇಳಿದರೆಂದು ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ.

ಪ್ರವಾದಿಯವರ ಸ್ಥಾನವೂ ಹೀಗೆಯೇ ಸ್ಪಷ್ಟವಾಗಿದೆ. ಅವರು ದೇವರ ದಾಸರು ಮತ್ತು ಸಂದೇಶವಾಹಕರು. ಕ್ರಿ.ಶ. 632ರಲ್ಲಿ ಅವರು ನಿಧನರಾದಾಗ ಜನರು ಕಂಗೆಟ್ಟರು. ಆಗ ಅಬೂಬಕರ್ ಅವರು, ಮುಹಮ್ಮದರನ್ನು ಆರಾಧಿಸುತ್ತಿದ್ದವರು ಯಾರಾದರೂ ಇದ್ದರೆ ಮುಹಮ್ಮದರು ತೀರಿಕೊಂಡಿದ್ದಾರೆಂದು ತಿಳಿಯಲಿ, ದೇವರನ್ನು ಆರಾಧಿಸುವವರು ದೇವರಿಗೆ ಸಾವಿಲ್ಲವೆಂದು ತಿಳಿಯಲಿ ಎಂದು ಜನರನ್ನು ಸಂತೈಸಿದರು.

ಕಲ್ಲು ಮಣ್ಣಿನ ಮೂರ್ತಿಯನ್ನು ಬಿಟ್ಟ ಮಾತ್ರಕ್ಕೆ ಶಿರ್ಕ್ ತೊಲಗಿತೆಂದು ಇಸ್ಲಾಂ ಭಾವಿಸುವುದಿಲ್ಲ. ಶಕುನಕ್ಕೆ ಹೆದರಿ ಕೆಲಸ ನಿಲ್ಲಿಸುವುದು, ಕಣಿ ಹೇಳುವವರನ್ನು ನಂಬುವುದು, ತಾಯಿತವೇ ತನ್ನನ್ನು ಕಾಯುತ್ತದೆಂದು ತಿಳಿಯುವುದು, ದೇವರ ಹೊರತು ಅನ್ಯರ ಮೇಲೆ ಆಣೆಯಿಡುವುದು, ಇವೆಲ್ಲವನ್ನೂ ಹದೀಸುಗಳು ನಿಷೇಧಿಸುತ್ತವೆ. ಪ್ರವಾದಿಯವರ ಎಳೆಯ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣ ಸಂಭವಿಸಿತು. ಮಗುವಿನ ಸಾವಿಗಾಗಿಯೇ ಸೂರ್ಯನು ಕಂದಿದನೆಂದು ಜನರು ಮಾತನಾಡಿಕೊಂಡರು. ಪುತ್ರಶೋಕದಲ್ಲಿದ್ದ ಪ್ರವಾದಿಯವರು ಆ ಮಾತನ್ನು ಒಪ್ಪಲಿಲ್ಲ. ಸೂರ್ಯಚಂದ್ರರು ದೇವರ ಕುರುಹುಗಳು, ಯಾರದೇ ಹುಟ್ಟುಸಾವಿಗಾಗಿ ಅವಕ್ಕೆ ಗ್ರಹಣ ಹಿಡಿಯುವುದಿಲ್ಲ ಎಂದು ತಿಳಿಹೇಳಿದರು. ತಮ್ಮ ಮನೆತನದ ಹಿರಿಮೆಯನ್ನು ಹೆಚ್ಚಿಸಬಹುದಾಗಿದ್ದ ಮೂಢನಂಬಿಕೆಯನ್ನು ಅವರು ದುಃಖದ ಗಳಿಗೆಯಲ್ಲಿಯೂ ನಿರಾಕರಿಸಿದರು.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ದೋಷವಿದೆ. ಜನರು ಮೆಚ್ಚಲೆಂದು ಮಾಡುವ ಆರಾಧನೆ ಮತ್ತು ದಾನಕ್ಕೆ 'ರಿಯಾ' ಎನ್ನುತ್ತಾರೆ. ಇದನ್ನು ಸಣ್ಣ ಶಿರ್ಕ್ ಎಂದು ಪರಿಗಣಿಸಲಾಗಿದೆ. ದೇವರಿಗೆ ಸಲ್ಲಬೇಕಾದ ಭಾವವನ್ನು ನೋಡುವವರ ಕಣ್ಣಿಗೆ ಒಪ್ಪಿಸುವುದೂ ಒಂದು ಬಗೆಯ ಪಾಲುದಾರಿಕೆಯೇ ಎಂಬುದು ಇದರ ಹಿಂದಿನ ವಿಚಾರ.

ದರ್ಗಾಗಳ ವಿಷಯದಲ್ಲಿ ಮುಸ್ಲಿಮರಲ್ಲಿಯೇ ಭಿನ್ನಾಭಿಪ್ರಾಯವಿದೆ. ಕ್ರಿ.ಶ. 1422ರಲ್ಲಿ ನಿಧನರಾದ ಸೂಫಿ ಸಂತ ಖ್ವಾಜಾ ಬಂದೇನವಾಜರ ಕಲಬುರಗಿ ದರ್ಗಾಕ್ಕೆ ಎಲ್ಲ ಧರ್ಮದವರೂ ನಡೆದುಕೊಳ್ಳುತ್ತಾರೆ. ಸಂತರು ದೇವರಿಗೆ ಪ್ರಿಯರಾದವರು, ಅವರ ಮೂಲಕ ದೇವರಲ್ಲಿ ಬೇಡಬಹುದು ಎಂಬುದು ಒಂದು ಪಂಗಡದ ನಿಲುವು. ಅಗಲಿದವರಲ್ಲಿ ಬೇಡುವುದು ತೌಹೀದಿಗೆ ಧಕ್ಕೆ ತರುತ್ತದೆ ಎಂಬುದು ಇನ್ನೊಂದು ಪಂಗಡದ ನಿಲುವು. ಈ ವಿವಾದದಲ್ಲಿ ತೀರ್ಪು ನೀಡುವುದು ನಮ್ಮ ಕೆಲಸವಲ್ಲ. ಆರಾಧನೆಯು ದೇವರೊಬ್ಬನಿಗೇ ಸಲ್ಲತಕ್ಕದ್ದು ಎಂಬ ಮಾತನ್ನು ಎರಡೂ ಪಂಗಡದ ವಿದ್ವಾಂಸರು ಒಪ್ಪುತ್ತಾರೆಂಬುದನ್ನು ನಾವು ಗಮನಿಸಿದರೆ ಸಾಕು.

ಎರಡೂ ಧರ್ಮಗಳು ಒಂದೇ ಎಂದು ನಾವು ಹೇಳುತ್ತಿಲ್ಲ. ಇಸ್ಲಾಂ ದೇವರಿಗೆ ಯಾವ ಕುರುಹನ್ನೂ ಒಪ್ಪುವುದಿಲ್ಲ. ನಾವು ಗುರುವಿನಿಂದ ಪಡೆದ ಇಷ್ಟಲಿಂಗವನ್ನು ನಿರಾಕಾರ ಪರಶಿವನ ಕುರುಹಾಗಿ ಅಂಗೈಯಲ್ಲಿಟ್ಟು ಅನುಸಂಧಾನ ಮಾಡುತ್ತೇವೆ. ಜೀವನು ಶಿವನಲ್ಲಿ ಒಂದಾಗುವ ಲಿಂಗಾಂಗ ಸಾಮರಸ್ಯವು ನಮ್ಮ ಗುರಿ. ಇಸ್ಲಾಮಿನಲ್ಲಿ ಸೃಷ್ಟಿಕರ್ತನು ಸದಾ ಸೃಷ್ಟಿಕರ್ತನೇ, ಸೃಷ್ಟಿಯು ಸದಾ ಸೃಷ್ಟಿಯೇ. ಈ ವ್ಯತ್ಯಾಸಗಳನ್ನು ಮರೆಮಾಚದೆಯೇ ಪರಸ್ಪರ ಗೌರವಿಸುವುದು ಸಾಧ್ಯ.

ನೆರೆಯವರ ಈ ನಿಷ್ಠೆಯನ್ನು ಅರಿತಾಗ ನಮ್ಮ ನಡೆಯತ್ತಲೂ ದೃಷ್ಟಿ ಹರಿಯಬೇಕು. ಬಸವಾದಿ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಪಂಚಾಂಗ, ಶಕುನ, ಕ್ಷುದ್ರದೈವಗಳ ಭಯದಿಂದ ಜನರನ್ನು ಬಿಡಿಸಿದರು. ಆದರೆ ಇಂದು ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿಯೂ ರಾಹುಕಾಲಕ್ಕೆ ಹೆದರುತ್ತೇವೆ. ವಾಸ್ತುವಿನ ಹೆಸರಿನಲ್ಲಿ ಗಟ್ಟಿಮುಟ್ಟಾದ ಗೋಡೆಯನ್ನು ಒಡೆಸುತ್ತೇವೆ. ಗ್ರಹಣ ಬಂದರೆ ಬಸುರಿಯನ್ನು ಕತ್ತಲೆಯ ಕೋಣೆಯಲ್ಲಿ ಕೂರಿಸುತ್ತೇವೆ. ದಾಸೋಹಕ್ಕೆ ಕೊಟ್ಟ ಒಂದು ಚೀಲ ಅಕ್ಕಿಗೂ ನಮ್ಮ ಹೆಸರನ್ನು ಫಲಕದಲ್ಲಿ ಹುಡುಕುತ್ತೇವೆ. ನಂಬಿದ ದೇವನು ಒಬ್ಬನೇ ಆದರೆ ನಮ್ಮ ಭಯವೂ ಭರವಸೆಯೂ ಹತ್ತು ಕಡೆಗೆ ಹರಿದು ಹಂಚಿಹೋಗುವುದೇಕೆ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾಗಿದೆ. ಇಂದಿನ ಲಿಂಗಪೂಜೆಯ ಹೊತ್ತಿನಲ್ಲಿ ಈ ಪ್ರಶ್ನೆಯೊಂದು ನಮ್ಮ ಮುಂದಿರಲಿ.